ಟ್ಯಾಗುಗಳ ನಡುವಿನ ಜಾಗ

ನಮ್ಮ ಆಫೀಸಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ವಿಭಾಗ ಮುಚ್ಚಿದಾಗ ಅದರಲ್ಲಿ ಉಳಿದಿದ್ದವನು ನಾನೊಬ್ಬನೇ. ಮಿಕ್ಕವರು ಅದಕ್ಕೂ ಮೊದಲೇ ಬೇರೆ ಕಡೆ ಕೆಲಸ ಹುಡುಕಿಕೊಂಡಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿವಾಜಿನಗರದ ಪ್ರೆಸ್ಸೊಂದಕ್ಕೆ ಸೇರಿದವನು ನಾನು. ಮದುವೆ ಪತ್ರಿಕೆಯಿಂದ ಹಿಡಿದು ಕಾಲೇಜು ಪುಸ್ತಕದವರೆಗೆ ಎಲ್ಲವನ್ನೂ ಕಟ್ಟಿದ್ದೇನೆ. ನನ್ನ ಪುಟ ನೋಡಿ ಮೂಗು ಮುರಿದವರಿಲ್ಲ. ಆದರೆ ಇಂದಿರಾನಗರದ ಈ ಆಫೀಸಿಗೆ ಈಗ ಬೇಕಾಗಿದ್ದು ಪುಟವಲ್ಲ, ಕಂಪ್ಯೂಟರಿಗೆ ಅರ್ಥವಾಗುವಂತೆ ಗುರುತು ಹಾಕಿದ ಕಡತ, ಎಕ್ಸ್‌ಎಂಎಲ್.

ಮ್ಯಾನೇಜರ್ ಮೇಡಂ ಕರೆದು ಹೇಳಿದರು: "ಒಂದು ಚಾಪ್ಟರ್ ಕೊಡ್ತೀನಿ ಸರ್. ಕ್ಲೈಂಟ್ ಒಪ್ಕೊಂಡ್ರೆ ಎಕ್ಸ್‌ಎಂಎಲ್ ಟೀಮಲ್ಲೇ ಇರ್ತೀರ. ಇಲ್ಲಾಂದ್ರೆ ಸ್ಕ್ಯಾನಿಂಗ್‌ಗೆ ಹೋಗ್ಬೇಕಾಗತ್ತೆ. ಜೊತೆಗೆ ಯಾರನ್ನಾದ್ರೂ ಹಾಕ್ಲಾ?"

"ಬೇಡ ಮೇಡಂ, ನಾನೇ ಕಲೀತೀನಿ."

ಸ್ಕ್ಯಾನಿಂಗ್ ಎಂದರೆ ಪುಟ ಮಗುಚಿ ಗುಂಡಿ ಒತ್ತುತ್ತಾ ಕೂರುವುದು. ಕೈಯಲ್ಲಿ ಕಸುಬಿದ್ದವನು ಮಾಡುವ ಕೆಲಸವಲ್ಲ.

ಹೊಸ ತಿಪ್ಪಸಂದ್ರದ ನನ್ನ ರೂಮಿನಲ್ಲಿ, ಅನ್ನದ ತಟ್ಟೆಯ ಎದುರು ಮೊಬೈಲ್ ಒರಗಿಸಿಟ್ಟುಕೊಂಡು ಪಾಠದ ವೀಡಿಯೊ ನೋಡುತ್ತಿದ್ದೆ. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ದಾಟಿಹೋಗಿತ್ತು. ಆ ರೂಮಿನಲ್ಲಿ ಮಾತಾಡುತ್ತಿದ್ದವನು ವೀಡಿಯೊದಲ್ಲಿ ಪಾಠ ಹೇಳುವ ಹುಡುಗನೊಬ್ಬನೇ. ಪಠ್ಯದ ಪ್ರತಿ ಭಾಗದ ಹಿಂದೆ ಮುಂದೆ ಅದು ಏನೆಂದು ಹೇಳುವ ಗುರುತೇ ಟ್ಯಾಗು; ತೆರೆದ ಟ್ಯಾಗನ್ನು ಮುಚ್ಚಬೇಕು, ಒಳಗೆ ತೆರೆದದ್ದನ್ನು ಒಳಗೇ ಮುಚ್ಚಬೇಕು, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಇಷ್ಟು ಬೇಗ ತಲೆಗೆ ಹತ್ತಿತು. ಹತ್ತದೇ ಹೋದದ್ದು ಇನ್ನೊಂದು. ಇಲ್ಲಿ ತಲೆಬರಹವನ್ನು ದಪ್ಪ ಮಾಡುವಂತಿಲ್ಲ, ನಡುವಿಗೆ ತರುವಂತಿಲ್ಲ. 'ಇದು ತಲೆಬರಹ' ಎಂದು ಟ್ಯಾಗು ಹಾಕಿ ಸುಮ್ಮನಾಗಬೇಕು. ಅದು ಹೇಗೆ ಕಾಣುತ್ತದೆಂಬುದು ಬೇರೆಯವರ ಕೆಲಸ. ಸುಮ್ಮನಾಗುವುದು ನನಗೆ ಬರಲಿಲ್ಲ.

ಕೊಟ್ಟದ್ದು ರಸಾಯನಶಾಸ್ತ್ರದ ಅಧ್ಯಾಯ. ಟ್ಯಾಗುಗಳ ಗೋಜಲು ಕಣ್ಣಿಗೆ ಚುಚ್ಚುತ್ತಿತ್ತು. ಒಂದೊಂದನ್ನೂ ಒಂದೊಂದು ಸಾಲಿಗೆ ಇಳಿಸಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದೆ. ತಪ್ಪು ಹಿಡಿಯುವ ಪಾರ್ಸರ್ ಓಡಿಸಿದರೆ ಒಂದೂ ತಪ್ಪಿಲ್ಲ. ಕಳಿಸಿದೆ.

ಕ್ಲೈಂಟ್ ಕಡೆಯಿಂದ ವಾಪಸ್ ಬಂತು. ಅವರ ಪರದೆಯಲ್ಲಿ ನೀರಿನ ಸೂತ್ರ ಚೂರುಚೂರಾಗಿತ್ತು: ಎಚ್ ಒಂದು ಕಡೆ, ಎರಡು ಒಂದು ಕಡೆ, ಓ ಇನ್ನೊಂದು ಕಡೆ. ಅಧ್ಯಾಯದ ಉದ್ದಕ್ಕೂ ಹಾಗೇ. ತಿದ್ದಿ ಕಳಿಸಲು ಇನ್ನೊಂದೇ ಅವಕಾಶ ಕೊಟ್ಟಿದ್ದರು.

ಪಕ್ಕದ ಸೀಟಿನ ಹುಡುಗಿ ಕುರ್ಚಿ ಎಳೆದುಕೊಂಡು ಬಂದಳು. "ಸರ್, ನೋಡ್ಲಾ?"

"ಪಾರ್ಸರ್ ಓಕೆ ಅಂದಿದೆ ಕಣಮ್ಮ. ಅವರ ಮೆಷಿನ್ನೇ ಸರಿಯಿಲ್ಲ."

"ಅಯ್ಯೋ ಸರ್, ಎಚ್ ಆದ್ಮೇಲೆ ಎಂಟರ್ ಹೊಡ್ದಿದ್ದೀರಲ್ಲ! ಅದು ಸ್ಪೇಸ್ ಆಗ್ಬಿಡತ್ತೆ. ಒತ್ತಾಗಿ ಒಂದೇ ಲೈನಲ್ಲಿ ಇರ್ಬೇಕು."

"ನೋಡಕ್ಕೆ ನೀಟಾಗಿರ್ಲಿ ಅಂತ..."

"ಇದನ್ನ ಯಾರ್ ಸರ್ ನೋಡ್ತಾರೆ?"

ಕುಹಕವೇನೂ ಇರಲಿಲ್ಲ, ನಗುತ್ತಲೇ ಕೇಳಿದಳು. ಆದರೂ ಮುಖಕ್ಕೆ ಹೊಡೆದ ಹಾಗಾಯಿತು. "ಗೊತ್ತಾಯ್ತು ಬಿಡಮ್ಮ, ನಾನ್ ಮಾಡ್ಕೋತೀನಿ," ಎಂದೆ, ಸ್ವಲ್ಪ ಗಡುಸಾಗಿಯೇ. ಅವಳು ಕುರ್ಚಿ ತಳ್ಳಿಕೊಂಡು ತನ್ನ ಜಾಗಕ್ಕೆ ಹೋದಳು.

ಒಂದೇ ಏಟಿಗೆ ಎಲ್ಲ ಜಾಗ ಅಳಿಸಿದರೆ ಪದಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಸೂತ್ರ ಸೂತ್ರವನ್ನೂ ಹುಡುಕಿ ಕೈಯಲ್ಲೇ ಕೂಡಿಸಿದೆ. ನಾನು ಕಟ್ಟಿದ ಮೆಟ್ಟಿಲುಗಳೆಲ್ಲ ಕುಸಿದು, ಕಡತ ನೋಡಲಾರದಷ್ಟು ಇಕ್ಕಟ್ಟಾಯಿತು. ಪರದೆಯ ಮೇಲೆ ಮಾತ್ರ ನೀರು ನೀರಾಗಿತ್ತು. ಮತ್ತೆ ಕಳಿಸಿದೆ.

ಕೆಲವು ದಿನಗಳ ಮೇಲೆ, ಸಂಜೆ ಮೀಟಿಂಗಿಗೆ ಹೋಗುತ್ತಿದ್ದ ಮೇಡಂ ನನ್ನ ಸೀಟಿನ ಹತ್ತಿರ ಒಂದು ಗಳಿಗೆ ನಿಂತರು. "ಕ್ಲೈಂಟ್ ಓಕೆ ಅಂದ್ರು ಸರ್. ಇನ್ಮೇಲೆ ಎಕ್ಸ್‌ಎಂಎಲ್ ಟೀಮೇ ನಿಮ್ದು." ಅಷ್ಟು ಹೇಳಿ ಹೋದರು.

ಯಾರಿಗಾದರೂ ಹೇಳಬೇಕೆನ್ನಿಸಿತು. ತಂಗಿಗೆ ಫೋನ್ ಮಾಡಿ ಏನೆಂದು ಹೇಳುವುದು? ಎರಡು ಅಕ್ಷರದ ನಡುವಿನ ಜಾಗ ತೆಗೆದೆ ಎಂದೇ? ಅದರ ಕಷ್ಟ ಗೊತ್ತಿದ್ದವಳು ಪಕ್ಕದ ಸೀಟಿನವಳೊಬ್ಬಳೇ. ಅವಳ ಕಡೆ ತಿರುಗುವಷ್ಟರಲ್ಲಿ ಟೀಮಿನವರೆಲ್ಲ ಬ್ಯಾಗು ಹೆಗಲಿಗೇರಿಸಿ ಎದ್ದಿದ್ದರು.

"ಸರ್, ಎಲ್ಲಾ ಕಮ್ಮನಹಳ್ಳಿಗೆ ಹೋಗ್ತಿದ್ದೀವಿ, ತಿನ್ನಕ್ಕೆ. ನೀವೂ ಬರ್ತೀರಾ?" ಅವಳೇ ಕೇಳಿದಳು.

"ಇಲ್ಲಮ್ಮ, ನೀವ್ ಹೋಗ್ಬನ್ನಿ."

ಒಂದು ಸಲ ಕರೆದ ಕೂಡಲೇ ಎದ್ದು ಹೊರಡುವುದು ನಮಗೆಲ್ಲಿ ಅಭ್ಯಾಸ? ಬೇಡವೆನ್ನಬೇಕು, ಅವರು ಬನ್ನಿ ಬನ್ನಿ ಎನ್ನಬೇಕು, ಆಮೇಲೆ ಏಳಬೇಕು.

"ಸರಿ ಸರ್, ಬಾಯ್," ಎಂದಳು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಅವರ ಗಲಾಟೆ ಕೇಳಿಸುತ್ತಿತ್ತು. ಇನ್ನೊಂದು ಸಲ ಕರೆದಿದ್ದರೆ ಹೋಗುತ್ತಿದ್ದೆ.