ಚಿಲಕ ಹಾಕಿದ ಅಜ್ಜಿ

ಇಸ್ತ್ರಿ ಅಂಗಡಿಯವಳಿಗೆ ಮೂಗಿನ ತುದಿಯಲ್ಲೇ ಕೋಪ. ಕಾಲರು ಸುಕ್ಕಾಗಿದೆ ಎಂದವರ ಮುಖಕ್ಕೇ ಅಂಗಿ ಎಸೆದವಳು. ಅಂಥವಳ ಕೈಗೆ ಕೂಸನ್ನು ಒಪ್ಪಿಸಿ ಮಗಳು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಮೊಮ್ಮಗಳು ಕಾದ ಇಸ್ತ್ರಿಪೆಟ್ಟಿಗೆಗೆ ಕೈ ಚಾಚಿದಳು. ಅಜ್ಜಿ ಅವಳನ್ನು ದರದರನೆ ಎಳೆದು, ಬಟ್ಟೆ ಗಂಟುಗಳ ಕತ್ತಲೆ ಕೋಣೆಗೆ ನೂಕಿ ಚಿಲಕ ಹಾಕಿದಳು. ಮಗಳು ಬಂದು ತೆಗೆದಾಗ ಮಗುವಿನ ಗಂಟಲು ಅತ್ತು ಅತ್ತು ಕಟ್ಟಿಹೋಗಿತ್ತು.

“ಕೈ ಸುಟ್ಕೊಳ್ಳೋದಕ್ಕಿಂತ ಇದು ವಾಸಿ ಅಲ್ವೇನೇ? ನಮ್ಮಪ್ಪನೂ ನನ್ನ ಹೀಗೇ ಕೂಡಿಹಾಕ್ತಿದ್ದ. ನಾನೇನು ಸತ್ತುಹೋದ್ನಾ?”

“ಸಾಯ್ಲಿಲ್ಲಮ್ಮ. ಆದ್ರೆ ಇವತ್ತಿಗೂ ದೀಪ ಆರಿಸಿ ಮಲಗಲ್ಲ ನೀನು. ಆಪ್ತಸಮಾಲೋಚಕಿ ಹತ್ರ ಹೋಗು. ಅಲ್ಲೀವರೆಗೂ ಮಗೂನ ಬಿಡಲ್ಲ.”

ಮೊಮ್ಮಗಳಿಲ್ಲದೆ ಅಂಗಡಿ ಬಿಕೋ ಎಂದಿತು. ಹಲ್ಲು ಕಚ್ಚಿಕೊಂಡು ಹೋದಳು. ಅಲ್ಲಿ ನೋಡಿದರೆ ಆಪ್ತಸಮಾಲೋಚಕಿ ಮಗಳ ವಯಸ್ಸಿನ ಒಬ್ಬ ಹುಡುಗಿ! “ಎಲ್ಲಿ ಕೂತ್ರೆ ನಿಮಗೆ ಹಾಯೆನ್ಸುತ್ತೆ, ಅಮ್ಮ?” ಎಂದು ಕೇಳಿದಳು. ಇವಳು ಕುರ್ಚಿಯನ್ನು ಬಾಗಿಲ ಹತ್ತಿರಕ್ಕೇ ಎಳೆದುಕೊಂಡಳು. ಹುಡುಗಿ ಬಾಗಿಲನ್ನು ಅರ್ಧ ತೆರೆದೇ ಇಟ್ಟಳು, ಹಳೆಯದನ್ನು ಕೆದಕಲಿಲ್ಲ.

“ಸುಮ್ನೆ ಕೂರೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?”

“ಕೊಡ್ತಾರಮ್ಮ. ಕಷ್ಟದ ಕೆಲಸ ಅಲ್ವಾ!”

ಹೀಗೇ ಕೆಲವು ವಾರ ಕಳೆದವು. ಒಮ್ಮೆ ಹುಡುಗಿ ಬರುವುದು ತಡವಾಯಿತು. ಇವಳು ಹೊರಗೆ ಕಾದು ಕಾದು ಕೊತಕೊತ ಕುದಿಯುತ್ತಿದ್ದಳು.

“ಕಾಯೋಕೆ ನಾನೇನು ನಿನ್ನ ಆಳಾ?”

“ತಪ್ಪು ನನ್ನದೇ ಅಮ್ಮ. ಕಾಯಿಸಬಾರದಿತ್ತು. ಪೂರ್ತಿ ಬೈದುಬಿಡಿ.”

ಇವಳನ್ನು ನೋಯಿಸಿದವರು ಯಾರೂ ಈ ಜನ್ಮದಲ್ಲಿ ತಪ್ಪೊಪ್ಪಿಕೊಂಡಿರಲಿಲ್ಲ. ಬೈದಳು, ಜಾಲಾಡಿಸಿಬಿಟ್ಟಳು. ಬೈಯುತ್ತ ಬೈಯುತ್ತ ಬೈಗುಳ ಬೇರೆ ಕಡೆಗೆ ಹರಿಯಿತು.

“ಅಪ್ಪನ್ನ ಬಿಡು, ಅವನು ಕಟುಕ. ಅಮ್ಮ ಹೊರಗೇ ಇದ್ಲು. ಅವಳ ಕೆಮ್ಮು ಕೇಳಿಸ್ತಿತ್ತು. ಚಿಲಕ ಅವಳ ಕೈಗೆ ಎಟುಕ್ತಿತ್ತು ಕಣೇ! ತೆಗೀಲಿಲ್ಲ!”

“ತೆಗೀಬೇಕಿತ್ತು,” ಎಂದಳು ಹುಡುಗಿ.

ಇಷ್ಟು ವರ್ಷ ಎಲ್ಲರೂ ಹೇಳಿದ್ದು ಒಂದೇ: ಪಾಪ, ಅವಳಾದರೂ ಏನು ಮಾಡಿಯಾಳು. ತೆಗೆಯಬೇಕಿತ್ತು ಎಂದವರು ಒಬ್ಬರೂ ಇರಲಿಲ್ಲ. ಇವಳು ಕುರ್ಚಿಯನ್ನು ಒದ್ದು ಹೋ ಎಂದು ಅತ್ತಳು.

ಕೋಪವೇನೂ ಇಳಿಯಲಿಲ್ಲ. ದಾರಿಯಲ್ಲಿ ಅದು ತನ್ನ ಮೇಲೆಯೇ ತಿರುಗಿತು. ಕೂಸು ಒಳಗೆ ಬಾಗಿಲು ಬಡಿಯುತ್ತಿದ್ದರೆ ತಾನೂ ಹೊರಗೆ ನಿಂತು ಅಂಗಿಗೆ ಇಸ್ತ್ರಿ ತಿಕ್ಕುತ್ತಿದ್ದವಳೇ ಅಲ್ಲವೇ? ನೆಟ್ಟಗೆ ಮಗಳ ಮನೆಗೆ ನಡೆದಳು. ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಚಿಲಕ ಹಾಕಿದ್ದು ನನ್ನ ತಪ್ಪು, ಪುಟ್ಟೀ. ಇಸ್ತ್ರಿಪೆಟ್ಟಿಗೇನ ನಾನು ಎತ್ತರದಲ್ಲಿ ಇಡಬೇಕಿತ್ತು.”

ಮಗು ತಾಯಿಯ ಹಿಂದೆ ಅಡಗಿತು. “ಹೋಗು. ನೀನು ಕೆಟ್ಟೋಳು.”

“ಅಜ್ಜಿಗೆ ಹಾಗೆಲ್ಲ ಅನ್ನಬಾರ್ದು...” ಎಂದು ಮಗಳು ಬಾಯಿ ತೆರೆದಳು.

“ಅನ್ಲಿ ಬಿಡೇ! ಬಾಯಿ ಮುಚ್ಚಿಸಬೇಡ ಅವಳದ್ದು!” ಎಂದು ಗದರಿ, ಅಜ್ಜಿ ಬೈಸಿಕೊಳ್ಳಲು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಳು.