ಜಗಲಿಯ ಮೇಲೊಂದು ಸೀಮೆಸುಣ್ಣದ ಚೌಕ

ಇವತ್ತು ಬೆಳಿಗ್ಗೆ ಒಂದು ರವಿಕೆ ಕಣದ ಮೇಲೆ ಗೆರೆ ಎಳೆಯುತ್ತಿದ್ದಾಗ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಟೈಲರುಗಳು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಮೂರು ಮೂಲೆಯ ಚಪ್ಪಟೆ ಸೀಮೆಸುಣ್ಣ. ನನ್ನದು ನೀಲಿ. ಸವೆದು ಉಗುರಿನಷ್ಟಾದ ಮೇಲೂ ನಾನು ಅದನ್ನು ಎಸೆಯುವವಳಲ್ಲ. ಈ ಜಿಪುಣತನ ಕೊಪ್ಪ ಪೇಟೆಗೆಲ್ಲ ಗೊತ್ತು. ಅದರಿಂದ ನಾನು ಕಳೆದುಕೊಂಡದ್ದೇನು ಎಂಬುದು ಮಾತ್ರ ನನಗೇ ಬಹಳ ವರ್ಷ ಗೊತ್ತಿರಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆಮೇಲೆ ಕಲಿತದ್ದೆಲ್ಲ ಹೊಲಿಗೆ ಮಿಷನ್ನಿನ ಮುಂದೆಯೇ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದು ನಮ್ಮ ಕಸುಬಿನ ಚಟ. ಹೊರಗೆ ಎಷ್ಟೇ ಚಂದ ಇರಲಿ, ಒಳಗೆ ಎಲ್ಲಿ ತೇಪೆ ಹಾಕಿದ್ದಾರೆ ಎಂದು ಹುಡುಕುವುದು. ಬಟ್ಟೆಗೆ ಇದು ಒಳ್ಳೆಯದೇ. ನಾನು ಮನುಷ್ಯರನ್ನೂ ಹಾಗೇ ತಿರುಗಿಸಿ ನೋಡುತ್ತಿದ್ದೆ. ಯಾರಾದರೂ ನಕ್ಕು ಮಾತಾಡಿಸಿದರೆ ಇವರಿಗೆ ಎಂತ ಬೇಕಾಗಿದೆಯೋ ಎಂದುಕೊಳ್ಳುತ್ತಿದ್ದೆ. ನೀವು ಇದನ್ನು ಓದುತ್ತಿದ್ದೀರಲ್ಲ, ಎಂತಕ್ಕೆ ಓದುತ್ತಿದ್ದೀರಿ ಎಂದು ಈಗಲೂ ಒಂದು ಸಲ ಅನ್ನಿಸದೆ ಇಲ್ಲ.

ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹಂಚಿನ ಮಾಡಿನ ಅಂಗಡಿ ಸಾಲು ಇತ್ತು. ಅಪ್ಪ ಮತ್ತು ಚಿಕ್ಕಪ್ಪ ಸೇರಿ ಕಟ್ಟಿಸಿದ್ದು. ನಾಲ್ಕು ಬಾಗಿಲು, ಮುಂದೆ ಉದ್ದಕ್ಕೂ ಜಗಲಿ. ಆ ಜಗಲಿ ಯಾರದ್ದೂ ಅಲ್ಲ. ಹರಿಹರಪುರದ ಬಸ್ಸಿಗೆ ಕಾಯುವ ಹೆಂಗಸರು ಅಲ್ಲಿ ಕೂತು ಹೂ ಕಟ್ಟುತ್ತಿದ್ದರು, ಮುದುಕರು ಎಲೆ ಅಡಿಕೆ ಹಾಕುತ್ತಿದ್ದರು, ಯಾರ್ಯಾರದೋ ಕೋಳಿಗಳು ಕಾಲು ಕಟ್ಟಿಸಿಕೊಂಡು ಮಲಗಿರುತ್ತಿದ್ದವು. ಏನೂ ಕೊಳ್ಳದೆ ಎಷ್ಟು ಹೊತ್ತು ಕೂತರೂ ಏಳಿ ಎನ್ನುವವರಿಲ್ಲ. ಒಂದು ತುದಿಯಲ್ಲಿ ನನ್ನ ಮಿಷನ್. ಒಳಗೆ ಜಾಗವಿರಲಿಲ್ಲವೆಂದಲ್ಲ, ನನಗೆ ಬೆಳಕು ಬೇಕಿತ್ತು. ದಾರದ ಬಣ್ಣವನ್ನು ಹಗಲು ಬೆಳಕಿನಲ್ಲಿ ಹೊಂದಿಸಿದಂತೆ ದೀಪದಲ್ಲಿ ಹೊಂದಿಸಲಿಕ್ಕೆ ಆಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅರ್ಧ ಪಾಲು ನನ್ನದು ಮತ್ತು ನನ್ನ ತಮ್ಮ ಸತೀಶನದು. ಉಳಿದರ್ಧ ಚಿಕ್ಕಪ್ಪನದು. ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ಆದರೆ ಪೇಟೆಗೆ ಎಂತದೋ ಅವಸರ ಹಿಡಿದಿತ್ತು. ಶೃಂಗೇರಿಯಲ್ಲಿ ಲಾಡ್ಜಿನ ಮೇಲೆ ಲಾಡ್ಜು ಏಳುತ್ತಿದ್ದವು, ನರಸಿಂಹರಾಜಪುರದಲ್ಲಿ ಯಾರೋ ಗಾಜಿನ ಕಟ್ಟಡ ಕಟ್ಟಿಸಿದ್ದರು. ಚಿಕ್ಕಪ್ಪ ಅದನ್ನು ನೋಡಿ ಬಂದವನು, "ನಮ್ಮದು ಇನ್ನೂ ದನದ ಕೊಟ್ಟಿಗೆ ಇದ್ದಂಗೆ ಇದೆ" ಎಂದು ಕೊರಗಲಿಕ್ಕೆ ಶುರುಮಾಡಿದ.

ಒಬ್ಬ ಕಂಟ್ರಾಕ್ಟರ್ ಬಣ್ಣದ ಚಿತ್ರ ತಂದ. ತಾರಸಿ ಮಾಳಿಗೆ, ಮುಂದೆಲ್ಲ ನೀಲಿ ಗಾಜು, ರಸ್ತೆಯ ಚರಂಡಿಯವರೆಗೂ ಮಳಿಗೆ. ಚಿತ್ರದಲ್ಲಿ ಕಟ್ಟಡದ ಎದುರು ಒಂದು ಕೆಂಪು ಕಾರು, ಟೋಪಿ ಹಾಕಿಕೊಂಡ ಒಬ್ಬ ಹೆಂಗಸು. ಅಂಥ ಹೆಂಗಸು ಕೊಪ್ಪದಲ್ಲಿ ಓಡಾಡಿದ್ದನ್ನು ನಾನು ಕಂಡಿಲ್ಲ. ಆದರೂ ಚಿತ್ರ ಚಂದವೇ ಇತ್ತು.

ಸತೀಶ ಶಿವಮೊಗ್ಗದಲ್ಲಿ ಡಿಪ್ಲೊಮಾ ಮಾಡಿ, ಕೊಪ್ಪದಲ್ಲೇ ಒಬ್ಬ ಎಂಜಿನಿಯರನ ಹತ್ತಿರ ಪ್ಲಾನ್ ಬರೆಯುತ್ತಿದ್ದ. ಅವನೂ ಪೆನ್ಸಿಲಿನಲ್ಲಿ ಒಂದು ಪ್ಲಾನ್ ಮಾಡಿದ. ಮೇಲೊಂದು ಅಂತಸ್ತು ಇತ್ತು, ಆದರೆ ಮಾಡು ಇಳಿಜಾರಿನದ್ದೇ. ಕೆಳಗೆ ಆರಡಿ ಅಗಲದ ಜಗಲಿ ಹಾಗೇ ಉಳಿದಿತ್ತು.

"ಆರಡಿ ಸುಮ್ಮನೆ ರಸ್ತೆಗೆ ಬಿಡೋದನಾ?" ಎಂದ ಚಿಕ್ಕಪ್ಪ.

"ರಸ್ತೆಗಲ್ಲ ಚಿಕ್ಕಪ್ಪ, ಜನರಿಗೆ. ಪಡುವಣ ದಿಕ್ಕಿಗೆ ಗಾಜು ಹಾಕಿ ಒಳಗೆ ಯಾರು ಕೂರ್ತಾರೆ? ಜಗಲಿ ಇದ್ರೆ ನಿಲ್ತಾರೆ, ನಿಂತವರು ಒಳಗೂ ಬರ್ತಾರೆ."

"ಜನ ಜನ ಅಂತ ಸಾಯ್ತೀಯಲ್ಲ ಮಾರಾಯ, ನಿನ್ನ ಜನ ಬಂದು ಕಟ್ಟಿಸ್ತಾರನಾ?"

ಹೀಗೆ ದಿನಾ ವಾದ. ಅಂಗಡಿಗೆ ಬಂದವರೂ ಎರಡು ಪಕ್ಷ. ನಾನು ಬಾಯಿ ಬಿಡಲಿಲ್ಲ. ಮನಸ್ಸಿನಲ್ಲಿ ತಮ್ಮನ ಮಾತನ್ನೇ ತಿರುಗಿಸಿ ನೋಡುತ್ತಿದ್ದೆ. ಸ್ವಂತ ಜಾಗವನ್ನು ಹೀಗೆ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಒಳಗೆ ಎಲ್ಲೋ ಒಂದು ತೇಪೆ ಇದ್ದೇ ಇದೆ.

ಆ ತೇಪೆ ಒಂದು ಬೆಳಿಗ್ಗೆ ಸಿಕ್ಕಿತು ಎಂದೇ ಅಂದುಕೊಂಡೆ. ಬೇಗ ಅಂಗಡಿಗೆ ಹೋದರೆ ಸತೀಶ ಜಗಲಿಯ ಮೇಲೆ ಮೊಣಕಾಲೂರಿ ನೀಲಿ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿದ್ದಾನೆ. ಚೌಕದೊಳಗೆ ನನ್ನ ಸ್ಟೂಲು. ಸ್ಟೂಲಿನ ಮೇಲೆ ಭೋಜಣ್ಣ. ಭೋಜಣ್ಣ ಗೂಡಂಗಡಿಯಲ್ಲಿ ಚಹಾ ಮಾರುವವನು. ಬಸ್ ಸ್ಟ್ಯಾಂಡಿನಿಂದ ಎಬ್ಬಿಸುತ್ತಾರೆಂದು ಆಗ ಬೇರೆ ಜಾಗ ಹುಡುಕುತ್ತಿದ್ದ. ಸತೀಶನ ಜತೆ ಬಹಳ ದೋಸ್ತಿ. ನನ್ನನ್ನು ಕಂಡದ್ದೇ ಭೋಜಣ್ಣ ಎದ್ದು ನಿಂತ. ತಮ್ಮ ಗಡಬಡಿಸಿ ಕಾಲಿನಿಂದ ಗೆರೆ ಅಳಿಸಿದ.

"ಎಂತದದು?" ಎಂದೆ.

"ಎಂತದೂ ಇಲ್ಲೆ" ಎಂದ.

ಎಂತದೂ ಇಲ್ಲದಿದ್ದರೆ ಅಳಿಸುವುದು ಯಾಕೆ? ನನಗೆ ಅಷ್ಟೇ ಸಾಕಾಗಿತ್ತು.

ಆ ಭಾನುವಾರ ಚಿಕ್ಕಪ್ಪನ ಮನೆಯಲ್ಲಿ ತೀರ್ಮಾನಕ್ಕೆ ಕೂತೆವು. ಕಂಟ್ರಾಕ್ಟರನೂ ಬಂದಿದ್ದ. ಸತೀಶ ಪ್ಲಾನ್ ಹಾಸಿ ಸಮಾಧಾನದಲ್ಲಿ ವಿವರಿಸಿದ. ಚಿಕ್ಕಪ್ಪನಿಗೂ ಸ್ವಲ್ಪ ಹಿಡಿಸಿದಂತಿತ್ತು. "ಅಕ್ಕ ತಮ್ಮ ಒಂದೇ ಮಾತು ಹೇಳಿದ್ರೆ ಹಾಗೇ ಆಗಲಿ. ನೀನೆಂತ ಹೇಳ್ತೀಯ?" ಎಂದು ನನ್ನ ಕಡೆ ತಿರುಗಿದ. ನಾನು ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಆ ಜಾಗ ಯಾರಿಗೆ ಬಿಡ್ತಿದ್ದಾನೆ ಅಂತ ಅವನನ್ನೇ ಕೇಳಿ. ನನಗೆ ಗೊತ್ತಿದೆ, ಅವನ ಬಾಯಲ್ಲೇ ಬರಲಿ" ಎಂದೆ.

ಕಂಟ್ರಾಕ್ಟರ ಕೆಮ್ಮಿದ. ಚಿಕ್ಕಪ್ಪ ಕನ್ನಡಕ ತೆಗೆದು ಸತೀಶನನ್ನು ಹೊಸಬನನ್ನು ನೋಡುವ ಹಾಗೆ ನೋಡಿದ. ತಮ್ಮ ನನ್ನ ಮುಖ ನೋಡಿದ. ಪ್ಲಾನನ್ನು ಸುರುಳಿ ಸುತ್ತಿ, "ಅಕ್ಕನಿಗೆ ಬೇಡ ಅಂದ್ರೆ ಬೇಡ" ಎಂದು ಎದ್ದ. ಉತ್ತರ ಕೊಡದೆ ಎದ್ದದ್ದೇ ನನಗೆ ಸಾಕ್ಷಿಯಾಯಿತು. ಮನೆಗೆ ಹೋಗುವಾಗ ನನಗೆ ಗೆದ್ದ ಖುಷಿ ಇತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಗಾಜಿನ ಕಟ್ಟಡ ಎದ್ದಿತು. ಅದರ ಕತೆ ಕೇಳಿದರೆ ನೀವು ನಗುತ್ತೀರಿ. ಬೇಸಿಗೆಯ ಮಧ್ಯಾಹ್ನ ಮೇಲಿನ ಮಳಿಗೆಯಲ್ಲಿ ಹಪ್ಪಳ ಒಣಗಿಸಬಹುದು. ತಾರಸಿ ಒಂದೇ ಮಳೆಗಾಲಕ್ಕೆ ಸೋರಿತು, ಅದರ ಮೇಲೆ ತಗಡಿನ ಮಾಡು ಏರಿಸಿದರು. ಎರಚಲು ಗಾಜಿನ ಸಂದಿಯಲ್ಲಿ ಒಳಗೆ ಬರುತ್ತದೆಂದು ಆಷಾಢದಲ್ಲಿ ನೀಲಿ ಗಾಜಿನ ಮುಂದೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರು, ಹಳ್ಳಿ ಮನೆಯ ಮಣ್ಣಿನ ಗೋಡೆಗೆ ಕಟ್ಟುವ ಹಾಗೆ. ಟೋಪಿ ಹೆಂಗಸು ಬಂದರೆ ಅದರ ಹಿಂದೆ ಬಾಗಿಲು ಹುಡುಕಬೇಕು. ಬಸ್ಸಿಗೆ ಕಾಯುವವರು ಈಗ ಎದುರುಗಡೆ ಸಾಲಿಗೆ ಹೋಗುತ್ತಾರೆ. ಮುಂದಿನ ಮಳಿಗೆಗಳನ್ನು ಬಾಡಿಗೆಗೆ ಬಿಟ್ಟು ನಾನು ಮೆಟ್ಟಿಲ ಕೆಳಗಿನದರಲ್ಲಿ ಕೂತೆ. ಹಗಲಿಡೀ ಟ್ಯೂಬ್‌ಲೈಟ್. ಒಂದು ಮದುವೆಯ ಮೆರೂನ್ ರವಿಕೆಗೆ ಕಂದು ದಾರ ಹಾಕಿ ಹೊಲಿದು ಬೈಸಿಕೊಂಡದ್ದೂ ಆಯಿತು.

ಸತೀಶ ಶೃಂಗೇರಿಯಲ್ಲಿ ಕೆಲಸ ಹುಡುಕಿಕೊಂಡು ಅಲ್ಲೇ ಮನೆ ಮಾಡಿದ. ಜಗಳ ಎಂಬುದೇನಿಲ್ಲ. ಹಬ್ಬಕ್ಕೆ ಬರುತ್ತಾನೆ, ಊಟ ಮಾಡುತ್ತಾನೆ, ಮಕ್ಕಳ ವಿಷಯ ಹೇಳುತ್ತಾನೆ. ಅಂಗಡಿಗೆ ಬಾ ಎಂದರೆ ಮಾತ್ರ ಅವನಿಗೆ ಯಾವಾಗಲೂ ಬಸ್ಸಿಗೆ ಹೊತ್ತಾಗಿರುತ್ತದೆ.

ಭೋಜಣ್ಣನಿಗೆ ಬೇರೆ ಕಡೆ ಜಾಗ ಸಿಕ್ಕಿತು. ಹೋದ ವರ್ಷ ಪೈಜಾಮ ಹೊಲಿಸಲು ಬಂದವನು ಮೆಟ್ಟಿಲ ಕೆಳಗಿನ ಕತ್ತಲೆ ನೋಡಿ, "ಎಂಥ ಸಾವು ಮಾರಾಯ್ತಿ, ಇಲ್ಲಿ ಸೂಜಿಗೆ ದಾರ ಹೆಂಗೆ ಪೋಣಿಸ್ತೀಯ? ನಿನ್ನ ತಮ್ಮ ಹೇಳಿದಂಗೆ ಮಾಡಿದ್ರೆ ಬೆಳಕಿರ್ತಿತ್ತು" ಎಂದ.

"ಅವನು ಜಗಲಿ ಬಿಟ್ಟದ್ದು ನಿನಗಲ್ಲನಾ?"

"ನನಗೆಂತಕ್ಕೆ? ನಿನ್ನ ಮಿಷನ್ನಿಗೆ. ಅವತ್ತು ನನ್ನನ್ನ ಕೂರಿಸಿ ನೋಡಿದ್ದು ಮತ್ತೆಂತಕ್ಕೆ ಅಂದ್ಕೊಂಡೆ? ಜಗಲಿ ಕಂಬ ಕೈಗೆ ಬೀಳೋ ಬೆಳಕಿಗೆ ಅಡ್ಡ ಬರ್ತದನಾ ಅಂತ."

"ನನ್ನನ್ನೇ ಕೂರಿಸಬಹುದಿತ್ತಲ್ಲ?"

"ನಾನೂ ಹಂಗೇ ಅಂದೆ. ಅವಳು ನೂರೆಂಟು ಪ್ರಶ್ನೆ ಕೇಳ್ತಾಳೆ, ಮೊದಲು ಪ್ಲಾನ್ ಗಟ್ಟಿಯಾಗಲಿ ಅಂದ. ನೀನು ಬಂದ ಕೂಡಲೆ ಅಳಿಸಿದ್ನಲ್ಲ, ನಿನ್ನ ಚಾಕ್‌ಪೀಸ್ ಸವೆಸಿದ್ದಕ್ಕೆ ಬೈತೀಯ ಅಂತ."

ಭೋಜಣ್ಣನನ್ನೂ ಕೆಲವು ದಿನ ತಿರುಗಿಸಿ ನೋಡಿದೆ. ಇಷ್ಟು ವರ್ಷ ಬಿಟ್ಟು ಈಗ ಎಂತಕ್ಕೆ ಹೇಳಿದ? ತಮ್ಮನೇ ಹೇಳಿ ಕಳಿಸಿದನೋ? ಎಲ್ಲೂ ತೇಪೆ ಸಿಗಲಿಲ್ಲ. ಕಡೆಗೆ ಕಣ್ಣು ಮುಚ್ಚಿ ಆ ಚೌಕವನ್ನೇ ನೆನಪು ಮಾಡಿಕೊಂಡೆ. ಚಹಾದ ಅಂಗಡಿಗೆ ಅದು ಸಾಲದು. ಒಲೆ ಇಡಲಿಕ್ಕೂ ಆಗದು, ಲೋಟ ತೊಳೆಯುವ ಬಕೆಟ್ಟಿಗೂ ಜಾಗವಿಲ್ಲ. ಒಂದು ಹೊಲಿಗೆ ಮಿಷನ್, ಒಂದು ಸ್ಟೂಲು, ಅಷ್ಟಕ್ಕೆ ಸರಿಯಾದ ಅಳತೆ. ಎದುರು ನಿಂತವರ ಎದೆ ಸುತ್ತಳತೆಯನ್ನು ಟೇಪಿಲ್ಲದೆ ಹೇಳುವವಳು ನಾನು. ನನ್ನ ಮಿಷನ್ನಿನ ಅಳತೆಯೇ ನನಗೆ ಗುರುತು ಸಿಕ್ಕಿರಲಿಲ್ಲ.

ತಮ್ಮನಿಗೆ ಎಷ್ಟು ಸಲ ಫೋನ್ ಮಾಡಿದೆನೋ. ಪ್ರತಿ ಸಲವೂ ಹೇಳಬೇಕಾದದ್ದನ್ನು ಬಿಟ್ಟು ನಾನು ಕೇಳುತ್ತಿದ್ದದ್ದು ಅಲ್ಲಿ ಹಲಸಿನಕಾಯಿ ಬಂತಾ ಎಂದು. ಇಡೀ ವರ್ಷ ಹಲಸಿನಕಾಯಿ ಕೇಳಿದರೆ ಅವನಿಗೂ ಅನುಮಾನ ಬಂದಿರಬೇಕು.

ಇವತ್ತು ಸೀಮೆಸುಣ್ಣ ಮುರಿದ ಹೊತ್ತಿಗೇ ಎದುರು ಸಾಲಿನ ದಿನಸಿ ಅಂಗಡಿಯ ವಾಸಣ್ಣ ಬಂದ. ಹಳೆಯದನ್ನು ಕೆಡವಿ ಕಟ್ಟಿಸುತ್ತಾನಂತೆ. "ನಿಮ್ಮದರ ಹಾಗೇ ಗಾಜು ಹಾಕುವ ಅಂತ. ಹೆಂಗೆ ಅಕ್ಕ?" ಎಂದ.

"ಗಾಜು ಬೇಡ ವಾಸಣ್ಣ. ಜಗಲಿ ಮಾತ್ರ ತೆಗೆಯಬೇಡ. ಅಗಲ ಇರಲಿ."

ಅವನ ಕಣ್ಣು ಮೆಟ್ಟಿಲ ಕೆಳಗಿನ ನನ್ನ ಮಿಷನ್ನಿನ ಮೇಲೆ ಹೋಯಿತು. ಆಮೇಲೆ ನನ್ನ ಮೇಲೆ. ತುಟಿ ಓರೆ ಮಾಡಿ, "ಅಷ್ಟು ಜಾಗ ಯಾರಿಗಕ್ಕ?" ಎಂದ.

ಬಸ್ಸಿಗೆ ಕಾಯುವವರಿಗೆ ಎನ್ನಬಹುದಿತ್ತು, ನಿಜವೂ ಆಗಿತ್ತು. ಆದರೆ ಜಗಲಿ ನನ್ನ ಮಿಷನ್ನಿಗೇ ಎಂದು ಅವನು ಆಗಲೇ ನನ್ನ ಒಳಮಗ್ಗುಲು ನೋಡಿ ಮುಗಿಸಿದ್ದ. ಇನ್ನು ಏನು ಹೇಳಿದರೂ ಅದು ಇನ್ನೊಂದು ತೇಪೆಯೇ. ಸತೀಶ ಅವತ್ತು ಯಾಕೆ ಮಾತಾಡದೆ ಪ್ಲಾನ್ ಸುತ್ತಿಕೊಂಡು ಎದ್ದ ಎಂಬುದು ಆ ಕ್ಷಣ ಗೊತ್ತಾಯಿತು.

ವಾಸಣ್ಣ ಹೋದ ಮೇಲೆ ಫೋನ್ ಮಾಡಿದೆ.

"ವಾಸಣ್ಣ ಅಂಗಡಿ ಕೆಡವ್ತಾನಂತೆ. ನೀನು ಬಂದು ಒಂದು ಪ್ಲಾನ್ ಮಾಡಿಕೊಡು. ನಾನೂ ಜತೆಗೆ ಬಂದು ಹೇಳ್ತೀನಿ."

"ಅಲ್ಲಿ ನನ್ನ ಮಾತು ಯಾರು ಕೇಳ್ತಾರೆ ಅಕ್ಕ?"

"ಅವತ್ತು ಭೋಜಣ್ಣನನ್ನ ಕೂರಿಸಿದ್ದೆಯಲ್ಲ, ಈ ಸಲ ನಾನೇ ಕೂರ್ತೀನಿ. ನೀನು ಸುತ್ತ ಗೆರೆ ಹಾಕು."

ಆ ಕಡೆ ಶೃಂಗೇರಿಯ ಯಾವುದೋ ಬಸ್ಸು ಹಾರ್ನ್ ಹಾಕಿಕೊಂಡು ಹೋದದ್ದು ಕೇಳಿಸಿತು.

"ಚಾಕ್‌ಪೀಸ್ ಸವೆದೀತು" ಎಂದ.

ನಾನು ಪೆಟ್ಟಿಗೆ ತೆರೆದು ಒಂದು ಹೊಸದನ್ನು ತೆಗೆದು ಮಿಷನ್ನಿನ ಮೇಲಿಟ್ಟಿದ್ದೇನೆ. ಅವನು ನಾಳೆ ಬೆಳಗಿನ ಬಸ್ಸಿಗೆ ಬರುತ್ತಾನೆ.