ಡಿಕ್ಕಿ ತುಂಬ ತೆಂಗಿನಕಾಯಿ

ಗುಬ್ಬಿಯ ತೋಟದ ಮನೆಯಲ್ಲಿ ಹುಟ್ಟಿದ ದೊಡ್ಡಗಂಗಮ್ಮ ಬರಿಗೈಯಲ್ಲಿ ಯಾರ ಮನೆಯ ಹೊಸ್ತಿಲನ್ನೂ ತುಳಿದವಳಲ್ಲ. ಮದುವೆಗಿರಲಿ, ಆಸ್ಪತ್ರೆಗಿರಲಿ, ಅವಳ ಚೀಲದಲ್ಲಿ ತೆಂಗಿನಕಾಯಿ ಇರಲೇಬೇಕು. ಅಂತರಸನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಜೊತೆಗೆ ಹೊಲಿಯುವ ಮಾನಸಾ, ಹೇಮಶ್ರೀ ಇಬ್ಬರೂ "ಚಿಕ್ಕಮಗಳೂರು ಬೆಟ್ಟದಲ್ಲಿ ಟೆಂಟ್ ಹಾಕೋಣ ಬಾರಕ್ಕ" ಅಂದಾಗ ಐವತ್ತು ದಾಟಿದ ಜೀವ ಕುಣಿದಾಡಿತು. ಹೊರಡುವ ಬೆಳಿಗ್ಗೆ ಉಪ್ಪಾರಹಳ್ಳಿಯ ತನ್ನ ಮನೆ ಮುಂದೆ ನಿಂತ ಮಾನಸಾಳ ಕಾರಿಗೆ ಒಂದು ಮೂಟೆ ಕಾಯಿ ತುಂಬಿದಳು. ಡಿಕ್ಕಿಯಲ್ಲಿ ಜಾಗ ಸಾಲದೆ, ಅಲ್ಲಿದ್ದ ಕಬ್ಬಿಣದ ಗೂಟಗಳ ಚೀಲವನ್ನು ಯಾವುದೋ ಗುಜರಿ ಎಂದುಕೊಂಡು ಜಗಲಿಯ ಮೇಲೆ ಇಳಿಸಿಬಿಟ್ಟಳು.

ಘಾಟಿಯುದ್ದಕ್ಕೂ ಅವಳ ಕತ್ತು ಕಿಟಕಿಯಾಚೆಗೇ ಇತ್ತು. "ಅಯ್ಯೋ, ಮೋಡ ನಮಗಿಂತ ಕೆಳಗೈತೆ ಕಣ್ರೇ!"

ಬೆಟ್ಟದ ಮೇಲಿನ ಎಸ್ಟೇಟಿನ ಬಯಲಲ್ಲಿ ಟೆಂಟ್ ಬಿಚ್ಚಿದಾಗ ಗೂಟಗಳಿಲ್ಲ. ಜಗಲಿಯ ಮೇಲೆ ಇಳಿಸಿದ ಚೀಲದ ಸಂಗತಿ ದೊಡ್ಡಗಂಗಮ್ಮ ಆಗ ಬಾಯಿಬಿಟ್ಟಳು. ಗಾಳಿ ಬೀಸಿದ್ದೇ ಟೆಂಟ್ ಗಾಳಿಪಟದಂತೆ ಎದ್ದಿತು. ಒಂದು ತುದಿ ಹಿಡಿದು ಓಡುತ್ತಿದ್ದ ಮಾನಸಾ ಕಿರುಚಿದಳು: "ಗೂಟ ಇಳಿಸಿ ಕಾಯಿ ತಂದಿದೀಯಲ್ಲಕ್ಕ, ಈಗೇನ್ ಮಾಡಾದು?"

"ಬಾಯ್ ಮುಚ್ಕೊಂಡ್ ಗಟ್ಟಿಯಾಗ್ ಹಿಡ್ಕೊಳೇ!" ದೊಡ್ಡಗಂಗಮ್ಮ ತನ್ನ ಸೀರೆಗಳಲ್ಲಿ, ಹುಡುಗಿಯರ ದುಪಟ್ಟಾಗಳಲ್ಲಿ ಕಾಯಿ ಗಂಟು ಕಟ್ಟಿ, ಟೆಂಟಿನ ಒಂದೊಂದು ಹಗ್ಗಕ್ಕೂ ಒಂದೊಂದು ಗಂಟು ಬಿಗಿದಳು. ಟೆಂಟ್ ಬಸವನಂತೆ ಕೂತಿತು. ಮೂವರೂ ನಕ್ಕು ನಕ್ಕು ಹುಲ್ಲಿನ ಮೇಲೆ ಉರುಳಿದರು.

ಅಷ್ಟರಲ್ಲಿ ಪಕ್ಕದ ಟೆಂಟಿನ ಗೂಟಗಳು ಕಿತ್ತುಬಂದವು. ಗುರುತಿಲ್ಲದ ದಂಪತಿ ಹಾರುವ ಬಟ್ಟೆಗೆ ಜೋತುಬಿದ್ದಿದ್ದರು. ದೊಡ್ಡಗಂಗಮ್ಮ ತಟ್ಟನೆ ಎದ್ದು ಸೆರಗು ಸಿಕ್ಕಿಸಿದಳು.

"ಹೇಮಾ, ಮಿಕ್ಕ ಕಾಯಿ ಎತ್ಕೊಳೇ! ಅವ್ರ ಮನೇಗೆ ಬರಿಗೈಲಿ ಹೋಗಾಕಾಯ್ತದಾ?"